ಹಿಂದಿನ ಸೀಟು

ಸೀತಾಂಗೋಳಿಯಲ್ಲಿ ನನ್ನದು ಗೇಟು, ಗ್ರಿಲ್ಲಿನ ಶೆಡ್ಡು.
ಕಾರಿನ ಕೆಲಸ ನನಗೆ ಹೇಳಿದ್ದಲ್ಲ ಎಂದೆ.
ಶಮ್ಮಾಸ್ ಕೇಳಲಿಲ್ಲ. ಜೀಪಿಗೆ ಹಗ್ಗ ಕಟ್ಟಿ ಎಳೆದುಕೊಂಡೇ ಬಂದ:
ಎರಡೇ ಬಾಗಿಲು, ಉದ್ದ ಮೂತಿ, ಎಂಬತ್ತನಾಲ್ಕರ ಜಪಾನಿ ಕೂಪೆ,
ಸ್ಟಿಯರಿಂಗು ಎಡಕ್ಕೆ.
ಅವನಜ್ಜ ಮಮ್ಮುಂಞಿ ಹಾಜಿ
ಶಾರ್ಜಾದಿಂದ ಹಡಗಿಗೆ ಹಾಕಿ ತಂದದ್ದು.
ಇಪ್ಪತ್ತು ವರ್ಷ ಟಾರ್ಪಾಲು ಹೊದ್ದು ಮಲಗಿತ್ತು,
ಬಾನೆಟ್ಟಿನೊಳಗೆ ಬೆಕ್ಕು ಎರಡು ಸಲ ಮರಿ ಹಾಕಿತ್ತು.

“ಅರುವತ್ತು ಸಾವಿರ ಉಂಟು ಐತಣ್ಣ,
ಮೇಲೆ ಒಂದು ಪೈಸೆ ಇಲ್ಲ. ಇದು ಅಡ್ಡಡ್ಡ ಓಡಬೇಕು.”
ನೇರ ಓಡಿದರೇ ದೊಡ್ಡದು ಮಾರಾಯ, ಎಂದೆ.

ಮೊದಲು ಬಿಚ್ಚುವ ಕೆಲಸ. ಬಿಚ್ಚಲಿಕ್ಕೆ ಖರ್ಚಿಲ್ಲ.
ಕಾರ್ಪೆಟ್ಟು, ಏಸಿ, ಬಾಗಿಲಿನ ಒಳಹಾಳೆ
ಗುಜರಿಯ ತಕ್ಕಡಿಯಲ್ಲಿ ತೂಗಿ ತೂಗಿ ಬರೆದೆವು.
ಹೋದದ್ದೆಲ್ಲ ಲಾಭ ಎನ್ನುವ ಲೆಕ್ಕ
ಅಲ್ಲಿಯವರೆಗೆ ನಾನು ಬರೆದವನಲ್ಲ.
ಹಿಂದಿನ ಸೀಟು: ಹದಿನೆಂಟು ಕಿಲೊ.
ಅದರಡಿಯಲ್ಲಿ ಖರ್ಜೂರದ ಬೀಜ, ತುಕ್ಕು ಹಿಡಿದ ಬ್ಲೇಡು,
ಒಂದು ಹಿಡಿ ಮರಳು. ನಮ್ಮ ಹೊಳೆಯದಲ್ಲ,
ಹಿಟ್ಟಿನಂಥದು.
ಅದನ್ನೂ ಗುಡಿಸಿದೆವು.

ಆಮೇಲೆ ಡಿಫರೆನ್ಷಿಯಲ್.
ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ದಾರಿ ಹೆಚ್ಚು, ಒಳಗಿನದಕ್ಕೆ ಕಮ್ಮಿ,
ಇಬ್ಬರಿಗೂ ಅವರವರ ನಡಿಗೆ ಬಿಟ್ಟುಕೊಡುವ
ನಾಲ್ಕು ಪುಟ್ಟ ಹಲ್ಲುಚಕ್ರ.
ಎಂಥ ಒಳ್ಳೆಯ ಬುದ್ಧಿ, ಅದನ್ನು ಮಾಡಿದವನದು!
ಅದನ್ನೇ ನಾನು ಸೀಮೆಎಣ್ಣೆಯಲ್ಲಿ ತೊಳೆದು, ಬೆಂಕಿಯಲ್ಲಿ ಕಾಸಿ,
ಒಂಬತ್ತು ರಾಡು ಸುಟ್ಟು ಬೆಸೆದುಬಿಟ್ಟೆ.
ಇನ್ನು ಎರಡಕ್ಕೂ ಒಂದೇ ಹೆಜ್ಜೆ, ಒಂದೇ ಹಠ,
ತಿರುಗುವಾಗ ಒಂದಾದರೂ ಜಾರಲೇಬೇಕು.
ಮೂವತ್ತು ವರ್ಷ ಗೇಟು ಬೆಸೆದ ಕೈ
ಆ ದಿನ ಸ್ವಲ್ಪ ನಡುಗಿತು.

ಹೈಡ್ರಾಲಿಕ್ ಹ್ಯಾಂಡ್‌ಬ್ರೇಕಿಗೆ ಹದಿನಾಲ್ಕು ಸಾವಿರವಂತೆ.
ಓಮ್ನಿಯ ಕ್ಲಚ್ ಸಿಲಿಂಡರಿಗೆ
ಕುಂಬಳೆಯ ಡಾಕ್ಟರ ಗೇಟಿನಲ್ಲಿ ಉಳಿದ ಪೈಪು,
ತುದಿಗೆ ಅದೇ ಗೇಟಿನ ಭರ್ಚಿ. ಆರುನೂರೈವತ್ತು.
ಟಯರು ಬಂದ್ಯೋಡಿನ ಪಂಕ್ಚರ್ ಅಂಗಡಿಯ ಹಿತ್ತಲಿನದು,
ಬೋಳು, ಜೋಡಿಗೆ ನಾನೂರು.
“ಸವೆಯಲಿಕ್ಕೇ ಅಲ್ಲವಾ?” ಎಂದು ಅಂಗಡಿಯವ
ಹಳೆ ಟ್ಯೂಬೊಂದನ್ನು ಪುಕ್ಕಟೆ ಕೊಟ್ಟ.

ಓಡಿಸುವವಳು ವಾರಿಜ.
ಕೆಂಪುಕಲ್ಲಿನ ಲಾರಿಯವಳು, ಬೇಳದ ಪಣೆಯ
ಹೊಂಡ ಹೊಂಡವೂ ಅವಳ ಸೊಂಟಕ್ಕೆ ಗೊತ್ತು.
ಎಡ ಸ್ಟಿಯರಿಂಗಿನಲ್ಲಿ ಕೂತು ಮೊದಲ ಮಾತು:
“ಇದರಲ್ಲಿ ವೀಳ್ಯ ಉಗುಳುವ ಕಿಟಕಿಯೇ ಬೇರೆ.”

ಹಾಜಿಯವರು ಒಂದು ಸಂಜೆ ಕೋಲೂರಿಕೊಂಡು ಬಂದರು.
ಕತ್ತರಿಸಿದ್ದನ್ನು ನೋಡಿದರು, ಬೆಸೆದದ್ದನ್ನು ಬೆರಳಿನಿಂದ ಮುಟ್ಟಿದರು.
ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ.
“ಹಿಂದಿನ ಸೀಟೆಲ್ಲಿ?”
“ತೂಕ, ಉಪ್ಪಾಪ.”
“ಕೋಣೆ ಸಿಗದೆ ಏಳು ತಿಂಗಳು ಮಲಗಿದ್ದೆ ಅದರಲ್ಲಿ.
ಕಾಲು ಚಾಚಲಿಕ್ಕಾಗದ ಸೀಟು.
ತೆಗೆದದ್ದು ಒಳ್ಳೇದಾಯ್ತು.”

ಕಲ್ಲು ಮುಗಿದ ಪಣೆ. ನಾಲ್ಕು ಕಡೆ ಗರಗಸದ ಗೀರಿನ ಕೆಂಪು ಗೋಡೆ,
ನಡುವೆ ಯಾರಿಗೂ ಬೇಡದ ಚಪ್ಪಟೆ ನೆಲ.
ವಾರಿಜ ಎರಡು ಸಲ ಬುಗರಿಯಾದಳು, ಮೂರನೆಯದಕ್ಕೆ
ಭರ್ಚಿ ಎಳೆದಳು. ಹಿಂಭಾಗ ಬಿಟ್ಟುಕೊಟ್ಟಿತು.
ಮೂತಿ ಗೋಡೆಗೆ, ಸಾಗುವುದು ಬೇರೆಲ್ಲಿಗೋ,
ಮುಂದಿನ ಚಕ್ರ ಮಾತ್ರ
ಹೋಗಬೇಕಾದ ಕಡೆಗೇ ಕಣ್ಣು ನೆಟ್ಟಿತ್ತು.
ಧೂಳು ಎದ್ದು ಎದ್ದು ಸೂರ್ಯನೇ ಕಂದಿದ.
ಶಮ್ಮಾಸ್ ಕೂಗುತ್ತಿದ್ದ, ಯಾವ ಭಾಷೆಯಲ್ಲೋ.

ಆಮೇಲೆ ಟಕ್.
ಕೆಳಗೆ ನುಗ್ಗಿ ಟಾರ್ಚು ಬಿಟ್ಟೆ:
ಆಕ್ಸಲ್ ಕಡಿದಿತ್ತು. ನನ್ನ ಬೆಸುಗೆ ನಿಂತಿತ್ತು.
ಇದನ್ನು ಯಾರಿಗೆ ಹೇಳುವುದು!

ಮೇಲೆ, ಪಣೆಯ ಅಂಚಿನಲ್ಲಿ,
ಲಾರಿಯಿಂದ ಇಳಿಸಿದ ಆ ಹದಿನೆಂಟು ಕಿಲೊದ ಮೇಲೆ
ಹಾಜಿಯವರು ಕೂತಿದ್ದರು, ಎರಡೂ ಕಾಲು ಚಾಚಿ,
ಗಡ್ಡದ ತುಂಬ ಕೆಂಪು.
“ಮುಗಿಯಿತಾ?” ಎಂದರು.

ಕೈಯಲ್ಲಿ ಉಳಿದದ್ದು: ಮುನ್ನೂರ ಹತ್ತು.
ಆಕ್ಸಲ್ ಮಂಗಳೂರಿನ ಗುಜರಿಯಲ್ಲಿ ಒಂದು ಉಂಟಂತೆ.
ರೇಟು ಕೇಳಿಲ್ಲ.