ಒಂಬತ್ತನೆಯ ನಳಿಗೆ

ಪೆಟ್ರೋಲು ಕುಡಿದು ಏಳುತ್ತದೆ, ಸೀಮೆಎಣ್ಣೆ ಕುಡಿದು ನಡೆಯುತ್ತದೆ
ಹೆಡ್ಲಿ ಗಿಟಿನ್ಸನ ಬೂದುಬಣ್ಣದ ಫರ್ಗುಸನ್.
ನನಗಿಂತ ಹದಿನೇಳು ವರ್ಷಕ್ಕೆ ಹಿರಿದು,
ನನ್ನ ಭುಜಕ್ಕೂ ಬಾರದು.
ಮೈ ಕಾವೇರುವ ತನಕ ಅವನು
ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ನಿಲ್ಲುತ್ತಾನೆ,
ರೊಟ್ಟಿಯ ಹಂಚು ಕಾದಿತೇ ಎಂದು ನೋಡುವವರ ಹಾಗೆ.
ಆಮೇಲೆ ಪುಟ್ಟದೊಂದು ನಲ್ಲಿ ತಿರುವಿ,
'ಈಗ ಅಗ್ಗದ್ದಕ್ಕೆ ಒಪ್ಪಿಕೊಂಡಿತು.'

ಕ್ಲನ್ ಊರಿನ ಮೇಲಣ ಇಳಿಜಾರು, ಮೂರು ಎಕರೆ,
ಅಕ್ಟೋಬರಿನ ಎರಡನೆಯ ವಾರ.
ಸೂರು ಹೊದಿಸುವವರಿಗೆಂದು ಬೆಳೆಯುವ ಹಳೆಯ ಗೋಧಿ,
ಕಾಳಿಗಿಂತ ಕಡ್ಡಿಗೆ ಬೆಲೆ.
ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ, ಬಿಟ್ಟು,
ಹೆಂಟೆ ಒಡೆಯುವ ಬಗೆ ನೋಡಿ ಅವನೊಂದು ಮಾತು ಹೇಳಿದ.
ಅವನ ಭಾಷೆಯಲ್ಲಿ ಅದೇನೋ, ಮರೆತೆ.
ನಮ್ಮಲ್ಲಿ, ಹದ.

ಹಿಂದಿನ ಸಂಜೆಯೇ ಕೂರಿಗೆಯ ಗಾಲಿ ಇಟ್ಟಿಗೆಯ ಮೇಲೆತ್ತಿ,
ಅಡಿಗೆ ಎನಿಡ್‌ಳ ಹೂವಿನ ಬೆಡ್‌ಶೀಟು ಹಾಸಿ,
ಇಪ್ಪತ್ತೈದು ಸುತ್ತು: ಅವನು ತಿರುಗಿಸಿ, ನಾನು ಎಣಿಸಿ.
ಉದುರಿದ ಗೋಧಿಯನ್ನು ಅಡುಗೆಮನೆಯ ತಕ್ಕಡಿಗೆ ಸುರಿದು
ಬೀಡಿಯಷ್ಟು ಉಳಿದ ಪೆನ್ಸಿಲಿನಲ್ಲಿ
ಬೀಜದ ಚೀಲದ ಮೇಲೆ ಭಾಗಾಕಾರ.
ಮೂರು ಸಲ ತಪ್ಪಿತು.
ಎನಿಡ್ ಬಂದಳು, ಕನ್ನಡಕವಿಲ್ಲದೆ, ಬಾಯಲ್ಲೇ ಲೆಕ್ಕ ಹೇಳಿ
ಬೆಡ್‌ಶೀಟು ಕೊಡವಿಕೊಂಡು ಒಳಗೆ ಹೋದಳು.

ಕೂರಿಗೆ ಎಂದೆ. ಹಾಗೆನ್ನಲು ನನಗೆ ಹಕ್ಕೇನೂ ಇಲ್ಲ.
ನಮ್ಮಜ್ಜ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತ,
ಅಪ್ಪನದು ಹೋಮಿಯೋಪತಿ,
ಮನೆಯಲ್ಲಿ ಯಾರ ಉಗುರಲ್ಲೂ ಮಣ್ಣು ಕಂಡಿಲ್ಲ.
ಕೂರಿಗೆ ನಾನು ನೋಡಿದ್ದು ಐದನೆಯ ಇಯತ್ತೆಯ ಪುಸ್ತಕದಲ್ಲಿ:
ಬಿದಿರಿನ ಕೊಳವೆ, ಮೇಲೊಂದು ಮರದ ಬಟ್ಟಲು,
ಮುಷ್ಟಿ ಸಡಿಲಿಸುತ್ತ ನಡೆವ ಹೆಂಗಸು.
ಅವಳಿಗೆ ನೀಲಿ ಪೆನ್ನಿನಲ್ಲಿ ಮೀಸೆ ಬರೆದಿದ್ದೆ.

ಇದಕ್ಕೆ ನಳಿಗೆ ಹದಿಮೂರು, ತಗಡಿನ ಸುರುಳಿ ಸುತ್ತಿದವು.
ಕುದುರೆಗೆಂದೇ ಮಾಡಿದ್ದು; ಮೂಕಿ ಕೊಯ್ದು
ಟ್ರ್ಯಾಕ್ಟರಿಗೆ ಕೊಂಡಿ ಬೆಸೆದವರು ಯಾರೋ, ಯಾವ ಕಾಲಕ್ಕೋ.
ಹಿಂದೆ ಒಂದು ಹಲಗೆ, ಅದರ ಮೇಲೆ ನಾನು.
ಬೇಲಿ ಬಂದಾಗ ಸನ್ನೆಕೋಲು ಎಳೆದು ತಾಳುಗಳನ್ನೆತ್ತಬೇಕು,
ಉಳಿದ ಹೊತ್ತೆಲ್ಲ
ಹದಿಮೂರೂ ಉಣ್ಣುತ್ತಿವೆಯೇ, ಉಗುಳುತ್ತಿವೆಯೇ ನೋಡುತ್ತಿರಬೇಕು.

ಏರಿನಲ್ಲಿ ಎಂಜಿನ್ನು ದನಿ ಇಳಿಸುತ್ತದೆ.
ಮುಂದಿನ ಗಾಲಿಗಳು ಹಗುರಾಗಿ
ನೆಲ ಇದೆಯೇ ಎಂದು ಮುಟ್ಟಿ ಮುಟ್ಟಿ ನೋಡುತ್ತವೆ.
ಹೆಡ್ಲಿ ಸೀಟಿನಿಂದೆದ್ದು ಎಂಬತ್ತರ ಮೈಯನ್ನು
ಸ್ಟಿಯರಿಂಗಿನ ಮೇಲೆ ಒರಗಿಸುತ್ತಾನೆ.
ಅಷ್ಟೇ ಭಾರ ಸಾಕು, ಬಗ್ಗುತ್ತದೆ.
ಹಿಂದಿರುಗಿ ನೋಡುವುದಿಲ್ಲ, ನೋಡಿದರೆ ಸಾಲು ಸೊಟ್ಟ.
ಹಿಂದಿನದೆಲ್ಲ ನನ್ನ ಪಾಲಿಗೆ.

ಏಳನೆಯ ಸುತ್ತಿಗೆ ಹದ್ದು ಬಂತು.
ಕೆಂಪನೆಯ ಕವಲುಬಾಲ, ಅದನ್ನು ಚುಕ್ಕಾಣಿಯಂತೆ
ತುಸು ಅತ್ತ, ತುಸು ಇತ್ತ ಹೊರಳಿಸುತ್ತ
ನಮ್ಮ ಮೇಲೆಯೇ, ನಮ್ಮದೇ ವೇಗಕ್ಕೆ.
ಒಂದಿಡೀ ಸಾಲಿನುದ್ದ
ರೆಕ್ಕೆ ಬಡಿಯಲೇ ಇಲ್ಲ.

ಬೇಲಿ ಬಂತು. ಸನ್ನೆಕೋಲು ಎಳೆದೆ, ಕಣ್ಣಿಳಿಸಿದೆ:
ಒಂಬತ್ತನೆಯ ನಳಿಗೆಯ ಬಾಯಲ್ಲಿ ಗೋಧಿ ಅಲುಗದೆ ಕೂತಿದೆ.
ಬೆರಳು ಹಾಕಿದೆ.
ಒಣಹುಲ್ಲು, ಹೊಟ್ಟು, ಕುರಿಯ ಉಣ್ಣೆ;
ಇಲಿಯೊಂದು ಬೇಸಿಗೆಯೆಲ್ಲ ಕಟ್ಟಿದ ಮನೆ,
ಪೆಟ್ಟಿಗೆಯ ಯಾವ ಮೂಲೆಯಲ್ಲಿತ್ತೋ,
ಕುಲುಕಾಟಕ್ಕೆ ಜಾರಿ ಬಂದು ಸಿಕ್ಕಿಕೊಂಡಿದೆ.
ಕಿತ್ತು ಎಸೆದೆ. ಕಾಳು ಹರಿಯಿತು.
ಹೇಳಲಿಲ್ಲ.

ನವೆಂಬರಿನಲ್ಲಿ ಹಸಿರೆದ್ದಿತು, ಬಾಚಿದ ಹಾಗೆ.
ನಡುವೆ ಒಂದೇ ಬೈತಲೆ:
ಕೆಳಗಿನ ಗೇಟಿನಿಂದ ಮೇಲಿನ ಆ್ಯಷ್ ಮರದ ತನಕ
ಒಂದೂವರೆ ಗೇಣು ಬರಿ ಮಣ್ಣು.
ನಾನು ಸಿದ್ಧಳಾಗಿದ್ದೆ.
ನಮ್ಮ ಕಡೆ ಬೇಕೆಂದೇ ಹೀಗೆ ಸಾಲು ಬಿಡುತ್ತಾರೆ, ಹೆಡ್ಲಿ,
ಅಕ್ಕಡಿ ಅಂತ, ತೊಗರಿಗೆ...
ಅಷ್ಟರಲ್ಲಿ ಅವನು ಗೇಟಿಗೆ ಮೊಣಕೈಯೂರಿ
ಆ ಬೈತಲೆಯುದ್ದಕ್ಕೂ ಮರದವರೆಗೆ ನೋಡಿ,
ಅಲ್ಲಿಂದ ಮೇಲಕ್ಕೂ ನೋಡಿ,
'ಹದ್ದು ಚೆನ್ನಾಗಿತ್ತಾ?' ಎಂದ.