ಬಿಗಿ

ಅಂತೊಫಗಾಸ್ತಾದಲ್ಲಿ ಮಳೆ ಲೆಕ್ಕಕ್ಕಿಲ್ಲ.
ಕುಡಿಯುವ ನೀರೂ ಸಮುದ್ರದ್ದೇ,
ಉಪ್ಪು ಹಿಂಡಿ ತೆಗೆದದ್ದು.
ಆ ಉಪ್ಪು ಹಾಯುವ ಕೊಳವೆಗಳ ಜಾತಕ
ಬರೆಯುವುದು ನನ್ನ ಕೆಲಸ.

ಹನ್ನೆರಡನೇ ಪಂಪಿನ ಕೀಲಿನಲ್ಲಿ
ಕನ್ನಡಿಯಂಥ ಉಕ್ಕು. ತುಕ್ಕು ಹಿಡಿಯದ್ದು
ಎಂದು ಬಿಲ್ಲಿನಲ್ಲೇ ಬರೆದಿತ್ತು.
ಗಾಸ್ಕೆಟ್ಟಿಗೂ ಅದಕ್ಕೂ ನಡುವೆ,
ಕೂದಲನ್ನು ಉದ್ದಕ್ಕೆ ಹತ್ತು ಸೀಳಿದರೆ
ಒಂದು ಸೀಳು ತೂರುವಷ್ಟು ಸಂದು.

ಸೊನ್ನೆ ಎಂದರೆ ಸಂದಿನ ಬಾಯಿ;
ಅಲ್ಲಿ ಸಮುದ್ರ, ಇದ್ದ ಹಾಗೇ.
ಒಂಬತ್ತು ಮಿಲಿಮೀಟರ್ ಒಳಗೆ ಕೊನೆ;
ಅದರಾಚೆ ಏನೂ ಹರಿಯದು.
ಈ ಎರಡು ಸುಳ್ಳುಗಳ ನಡುವೆ
ನಿಜವನ್ನು ಇನ್ನೂರು ತುಂಡು ಮಾಡಿ ಕೂರಿಸಿದೆ.

ಮೊದಲ ದಿನವೇ ಆಮ್ಲಜನಕ ಖಾಲಿ.
ಹೊಸದು ಬಂದರೂ ಬಾಯಲ್ಲೇ ಖರ್ಚು.
ಆದರೂ ಲೋಹ ಚೂರುಚೂರೇ ಕರಗುತ್ತದೆ,
ಕರಗಿದ್ದು ನೀರನ್ನು ಒಡೆಯುತ್ತದೆ,
ನೀರು ಹುಳಿಯಾಗುತ್ತದೆ.
ಧನ ಕೂಡಿಬಿದ್ದಲ್ಲಿಗೆ
ಋಣ ಹುಡುಕಿಕೊಂಡು ಬರುತ್ತದಲ್ಲ,
ಹಾಗೆ ಕ್ಲೋರೈಡ್, ಹೊರಗಿನ ಕಡಲಿನಿಂದ,
ಕರೆಯದೆ.

ತುಂಡಿಗೆ ಆರು ಸಮೀಕರಣ.
ಒಂದು ಬಿಡಿಸಲು ಇನ್ನೈದು ಬೇಕು.
ರಾತ್ರಿಯಿಡೀ ಯಂತ್ರ ಗುಣಿಸಿತು.
ನಲವತ್ತೊಂದನೆಯ ದಿನ, ಅಂದರೆ ಲೆಕ್ಕದ ದಿನ,
ಪೊರೆ ಹರಿಯಿತು.
ಆಮೇಲೆ ಗೆರೆ ನೆಟ್ಟಗೆ ಮೇಲಕ್ಕೆ.

ನೋಲ್ಬೆರ್ತೋಗೆ ತೋರಿಸಿದೆ,
ಮೂವತ್ತು ವರ್ಷ ಬೋಲ್ಟು ತಿರುವಿದ ಕೈ.
"ಯಾಸ್ನಾ, ಗಾಳಿಯೂ ನುಸುಳದಷ್ಟು ಬಿಗಿ ಮಾಡಿದ್ದೀನಿ."
ಅದೇ ನೋಡು, ಎಂದೆ.
ಬಿಗಿದಷ್ಟೂ ಬೇಗ.
ಟೋಪಿ ತೆಗೆದ, ತಲೆ ಕೆರೆದ, ಟೋಪಿ ಹಾಕಿಕೊಂಡ.
"ಮತ್ತೆ ಸಡಿಲ ಬಿಡೋದಾ?"
ಬಿಟ್ಟರೆ ಸೋರುತ್ತದೆ.
ಆ ಮಾತಿಗೆ ನನ್ನ ಬಳಿ ಸಮೀಕರಣ ಇರಲಿಲ್ಲ.

ಇಪ್ಪತ್ತೊಂಬತ್ತನೆಯ ದಿನವೇ
ಮೀಟರಿನ ಮುಳ್ಳು ಕುಸಿಯಿತು.
ಬಿಚ್ಚಿದೆವು. ಹೊರಮೈ ಹೊಳೆಯುತ್ತಲೇ ಇತ್ತು;
ಆ ಹೊಳಪೇ ಅಲ್ಲವೆ ಒಳಗಿನ ಬಾಯಿಗೆ
ತುತ್ತು ಕಲಸಿ ಕೊಡುತ್ತಿದ್ದದ್ದು.
ಗಾಸ್ಕೆಟ್ಟಿನಡಿ ಕುಡುಗೋಲಿನಾಕಾರದ ಗುಳಿ,
ಹಸಿರುಗಪ್ಪು ಲೋಳೆ,
ತಗ್ಗಿನ ತುದಿಯಲ್ಲಿ ಒಂದು ಗೀರು.

ನನ್ನ ಲೆಕ್ಕದಲ್ಲಿ ಗೋಡೆ ನುಣ್ಣಗಿತ್ತು.

ನೋಲ್ಬೆರ್ತೋ ಗೀರಿನ ಮೇಲೆ ಉಗುರಿಟ್ಟ.
"ಇದು ನಂದು," ಎಂದ, ಬಹಳ ಹೊತ್ತಿನ ಮೇಲೆ.
"ಸ್ಕ್ರೂಡ್ರೈವರ್ ಜಾರಿತ್ತು. ಊಟದ ಗಂಟೆ ಹೊಡೆದಿತ್ತು."

ಸಂಜೆ ನೂರ ಎಪ್ಪತ್ತಮೂರನೆಯ ತುಂಡಿನಲ್ಲಿ
ಸಂದಿನ ಅಗಲವನ್ನು ಅರ್ಧ ಮಾಡಿದೆ.
ಇಪ್ಪತ್ತೆಂಟು ಬಂತು.
ವರದಿಯಲ್ಲಿ ಕಾರಣ ಎಂಬ ಕಾಲಮ್ಮಿನಲ್ಲಿ
ಗೀರು ಎಂದಷ್ಟೇ ಬರೆದೆ,
ಯಾರದೆಂದು ಬರೆಯಲಿಲ್ಲ.
ಒಂದು ದಿನ ಇನ್ನೂ ಹೊಂದಿಲ್ಲ.