ಏನೂ ಮಾಡದ ವಾರ

ಔಲು ಊರಿನಲ್ಲಿ ಜನವರಿಯ ಸೂರ್ಯ
ಹತ್ತು ದಾಟಿಸಿ ಬಂದು ಮೂರಕ್ಕೆ ಮೊದಲೇ ಎದ್ದು ಹೋಗುತ್ತಾನೆ,
ಅರ್ಧ ಸಂಬಳದ ಗುಮಾಸ್ತನಂತೆ.
ನಮ್ಮ ಮನೆಯಲ್ಲಿ ಹಗಲು ಇರುವುದು ಒಂದೇ ಕಡೆ:
ಅಡುಗೆಮನೆಯ ಗೋಡೆಗೆ ಆನಿಸಿಟ್ಟ ಗಾಜಿನ ತೊಟ್ಟಿಯಲ್ಲಿ,
ಮುನ್ನೂರು ಲೀಟರು, ನೀಲಿ ಲೈಟಿನ ಕೆಳಗೆ.

ಈಗ ಅಲ್ಲೂ ಮಬ್ಬು.

ನೇರಳೆ ತುದಿಯ ಕೊಂಬೆ ಹವಳ
ಮೊದಲು ಚಹಾದ ಬಣ್ಣಕ್ಕೆ ಬಂತು,
ಆಮೇಲೆ ಚಹಾ ಸೋಸಿದ ಬಟ್ಟೆಯ ಬಣ್ಣಕ್ಕೆ.
ಸುತ್ತಿಗೆ ಹವಳ, ಹೋದ ತಿಂಗಳವರೆಗೂ
ಒಣಗಲು ಹಾಕಿದ ಕೈಗವಸುಗಳ ಹಾಗೆ ತೂಗುತ್ತಿದ್ದದ್ದು,
ಸುಣ್ಣದ ಮನೆಯೊಳಗೆ ಸೇರಿ ಕದ ಹಾಕಿಕೊಂಡಿದೆ.
ಕರೆದರೆ ಓಗೊಡುವುದಿಲ್ಲ.
(ಹವಳವನ್ನು ಕರೆಯುತ್ತೀಯಾ ಅಂದರೆ, ಹೌದು, ಕರೆಯುತ್ತೇನೆ,
ಮಗ ಓತ್ಸೊ ಶಾಲೆಗೆ ಹೋದ ಮೇಲೆ.)

ಕಂದು ಅಂದರೆ ಸಾವಲ್ಲ. ಸಾವು ಬಿಳಿ.
ಒಳಗಿನ ಬಾಡಿಗೆದಾರ ಪಾಚಿಗಳು ಉಂಡು ಉಂಡು
ಸಂಸಾರ ಬೆಳೆಸಿ, ಮನೆಯೊಡತಿಯ ಬಣ್ಣವನ್ನೇ ಮುಚ್ಚಿಬಿಟ್ಟಿವೆ.
ಊಟ ಹೆಚ್ಚಾಗಿರಬೇಕು, ಇಲ್ಲವೇ ಬೆಳಕು ಕಡಿಮೆ.
ಅಷ್ಟು ನನಗೂ ಗೊತ್ತು.
ಗೊತ್ತಿದ್ದದ್ದೇ ತೊಂದರೆಯಾಯಿತು.

ಫಾಸ್ಫೇಟ್ ಹೀರುವ ತುಕ್ಕುಬಣ್ಣದ ಕಾಳು ಹಾಕಿದೆ,
ಎರಡು ಚಮಚ ಅಂದಲ್ಲಿ ನಾಲ್ಕು.
ಲೈಟು ಏರಿಸಿದೆ. ಕ್ಷಾರ ಏಳಕ್ಕೆ ಬಿದ್ದಿತ್ತು,
ರಾತ್ರಿಯೊಳಗೆ ಹತ್ತಕ್ಕೆ ತಂದು
ಗೆದ್ದವಳ ಹಾಗೆ ಮಲಗಿದೆ.
ಮಾರನೆಯ ದಿನ ಅರ್ಧ ತೊಟ್ಟಿ ನೀರು ಬದಲು.
ಶುಕ್ರವಾರ ಕೆಂಪುಪಟ್ಟೆಯ ಸೀಗಡಿಯ ಮೇಲೆ ಅನುಮಾನ ಬಂದು
ಬಕೆಟ್ಟಿನಲ್ಲಿ ಕೂರಿಸಿ ಇಡೀ ಸಂಜೆ ವಿಚಾರಣೆ.
ನಿರಪರಾಧಿ.
ಶನಿವಾರ ಪಕ್ಕದ ಹವಳವೂ ಕದ ಹಾಕಿತು.

ನನ್ನ ಹೊಟ್ಟೆಪಾಡೂ ಇದೇ, ನೀರು ಮತ್ತು ಉಪ್ಪು.
ಆಸ್ಪತ್ರೆಯ ಮೂರನೆಯ ಮಹಡಿ, ಹನ್ನೊಂದು ಡಯಾಲಿಸಿಸ್ ಯಂತ್ರ.
ಆರನೆಯ ಕುರ್ಚಿ ತೈಸ್ತೊ ಅವರದು,
ನದಿಯಲ್ಲಿ ಮರದ ದಿಮ್ಮಿ ತೇಲಿಸಿ ಬದುಕಿದವರು.
ಸೋಮವಾರ ನಾಲ್ಕು ಕಿಲೊ ನೀರು ಹೊತ್ತು ಬಂದಿದ್ದರು,
ಮೊಮ್ಮಗಳ ಸಾಲ್ಮನ್ ಸೂಪಿನ ತಪ್ಪು.
ಗುಂಡಿ ಒತ್ತುವ ಮೊದಲೇ ನನ್ನ ಮಣಿಕಟ್ಟು ಹಿಡಿದರು:
"ಒಂದೇ ಸಲಕ್ಕೆ ಎಲ್ಲಾ ತೆಗೀಬೇಡ.
ಕಳೆದ ಸಲ ಆ ಹೊಸ ಹುಡುಗ ಅವಸರಪಟ್ಟ,
ಮೀನಖಂಡ ಸೆಳೆದು ಕೂಗಿಕೊಂಡೆ.
ದಿಮ್ಮಿ ಸಿಕ್ಕಿಕೊಂಡಾಗ ಎಲ್ಲರೂ ಎಳೆದರೆ ಇನ್ನೂ ಬಿಗೀತದೆ.
ಒಂದನ್ನ ಸರಿಸಬೇಕು. ಆಮೇಲೆ ದಂಡೇಲಿ ಕೂತು ಕಾಫಿ."

ನನ್ನ ತೊಟ್ಟಿಯ ವಿಷಯ ಅವರಿಗೆ ಗೊತ್ತಿಲ್ಲ.
ರಕ್ತದ ಉಪ್ಪನ್ನು ಗಂಟೆಯಲ್ಲಿ ಸರಿಮಾಡಹೊರಟರೆ
ರೋಗಿಯ ತಲೆ ಸಿಡಿಯುತ್ತದೆ ಎಂದು
ಹೊಸಬರಿಗೆ ಪಾಠ ಹೇಳುವವಳು ನಾನೇ.
ಮನೆಗೆ ಬಂದು ಆ ಬುದ್ಧಿಯನ್ನು
ಕೋಟಿನ ಜೊತೆ ಗೂಟಕ್ಕೆ ತಗುಲಿಹಾಕುತ್ತೇನೆ.

ಸಂಜೆ ಅರ್ಧದಷ್ಟು ಕಾಳು ತೆಗೆದೆ. ಲೈಟು ಹಿಂದಿನ ಮಟ್ಟಕ್ಕೆ.
ಕ್ಷಾರದ ಸೀಸೆ ಕಪಾಟಿಗೆ, ತಾನಾಗಿ ಎಂಟಕ್ಕೆ ಇಳಿಯಲಿ.
ಮೀನಿಗೆ ಇನ್ನು ಒಂದೇ ಹೊತ್ತು ಅಂದಾಗ
ಓತ್ಸೊನ ಕಿವಿ ಕೆಂಪಾಯಿತು.
ಅವನೂ ದಿನಾ ಹಾಕುತ್ತಿದ್ದನಂತೆ,
ಪಾಳಿಯ ಗಡಿಬಿಡಿಯಲ್ಲಿ ಅಮ್ಮ ಮರೆತಿರುತ್ತಾಳೆಂದು.
ಮೂರು ತಿಂಗಳಿಂದ ಆ ಮೀನುಗಳು
ಎರಡು ಮನೆಯಲ್ಲಿ ಉಂಡ ನೆಂಟರು.
ನಕ್ಕೆ. ಅವನು ನಗಲಿಲ್ಲ, ಗಾಜಿಗೆ ಹಣೆ ಹಚ್ಚಿ ನಿಂತ.

ಆಮೇಲೆ ಎಂಟು ದಿನ ಏನೂ ಮಾಡಲಿಲ್ಲ.
ಕೈ ಸುಮ್ಮನಿರಲೆಂದು ಹೆಣಿಗೆ ಹಿಡಿದೆ,
ಕಾಲ್ಚೀಲವೊಂದು ಮೊಣಕಾಲು ದಾಟಿತು.

ಒಂಬತ್ತನೆಯ ರಾತ್ರಿ, ಲೈಟು ಆರಿದ ಮೇಲೆ,
ಟಾರ್ಚು ಹಿಡಿದೆ:
ಸುತ್ತಿಗೆಯ ಕದದ ಸಂದಿಯಲ್ಲಿ ಒಂದು ಬೆರಳ ತುದಿ.
ಬೆಳಕು ತಾಕಿದ್ದೇ ಒಳಗೆ.
ಟಾರ್ಚು ಆರಿಸಿದೆ.

ಕೊಂಬೆ ಇನ್ನೂ ಕಂದೇ, ಅದರದು ತಿಂಗಳುಗಳ ಲೆಕ್ಕ.
ಹೊರಗೆ ಮೈನಸ್ ಇಪ್ಪತ್ತಾರು.
ಪಂಪಿನ ಗೊಣಗಾಟದ ಪಕ್ಕಕ್ಕೆ ಕುರ್ಚಿ ಸರಿಸಿ
ಕತ್ತಲಲ್ಲಿ ಕೂತೆ,
ಉದ್ದವಾದ ಕಾಲ್ಚೀಲವನ್ನು
ಸಾಲು ಸಾಲಾಗಿ ಬಿಚ್ಚುತ್ತಾ.